ಎಪ್ಕಾಟ್‌ನ ಬ್ರಿಟಿಷ್ ಪಬ್‌ನಲ್ಲಿ ಊಟ: ಬುಕಿಂಗ್‌ನಿಂದ ಬಿಲ್‌ವರೆಗೆ

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: "ಎಪ್ಕಾಟ್‌ನಲ್ಲಿ ಒಂದು ಇಂಗ್ಲಿಷ್ ಹೋಟೆಲ್ ಇದೆಯಂತಲ್ಲ, ಅಲ್ಲಿ ಊಟ ಹೇಗೆ? ಅಪ್ಪ ಅಮ್ಮ ಸಸ್ಯಾಹಾರಿಗಳು, ಅವರಿಗೇನಾದರೂ ಸಿಗುತ್ತದಾ? ಮೊದಲೇ ಬುಕ್ ಮಾಡಬೇಕಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆ ಹೋಟೆಲ್‌ನ ಹೆಸರು ರೋಸ್ ಆ್ಯಂಡ್ ಕ್ರೌನ್. ಗುಲಾಬಿ ಮತ್ತು ಕಿರೀಟ ಎಂದರ್ಥ. ಇಂಗ್ಲೆಂಡಿನ ಊರೂರಿನಲ್ಲೂ ಈ ಹೆಸರಿನ ಪಬ್‌ಗಳು ಸಿಗುತ್ತವೆ. ಪಬ್ ಅಂದರೆ ಪಬ್ಲಿಕ್ ಹೌಸ್, ಅಂದರೆ ಊರಿನವರು ಸಂಜೆ ಸೇರಿ ಕುಡಿದು, ತಿಂದು, ಹರಟುವ ಜಾಗ. ಎಪ್ಕಾಟ್ ಪಾರ್ಕ್ ಶುರುವಾದದ್ದು 1982ರ ಅಕ್ಟೋಬರ್ 1ರಂದು. ಅದರೊಳಗೆ ಒಂದು ದೊಡ್ಡ ಕೆರೆ. ಕೆರೆಯ ಸುತ್ತ 11 ದೇಶಗಳ ಹೆಸರಿನಲ್ಲಿ ಕಟ್ಟಿದ ಸಣ್ಣ ಸಣ್ಣ ಬೀದಿಗಳಿವೆ. ಈ ಭಾಗವನ್ನು ವರ್ಲ್ಡ್ ಶೋಕೇಸ್ ಅನ್ನುತ್ತಾರೆ. ಬ್ರಿಟನ್ನಿನ ಬೀದಿ ಕೆನಡಾ ಮತ್ತು ಫ್ರಾನ್ಸ್ ನಡುವೆ ಇದೆ. ಪಬ್ ಇರುವುದು ಆ ಬೀದಿಯ ಕೆರೆ ಕಡೆಯ ಬದಿಯಲ್ಲಿ.

ಇಲ್ಲಿ ಚೆನ್ನಾಗಿ ಊಟ ಮಾಡಿ ಬಂದವರನ್ನೂ, ಬರೀ ಆಲೂಗಡ್ಡೆ ತಿಂದು ಬೇಸರದಿಂದ ಎದ್ದು ಬಂದವರನ್ನೂ ನೋಡಿದ್ದೇನೆ. ವ್ಯತ್ಯಾಸ ಇಷ್ಟೇ: ಮೊದಲನೆಯವರು ಹೊರಡುವ ಮುಂಚೆಯೇ ಮೆನು ನೋಡಿಕೊಂಡಿದ್ದರು, ಕೂತ ಮೇಲೆ ಬಾಯಿಬಿಟ್ಟು ಕೇಳಿದ್ದರು.

1. ಮೂರರಲ್ಲಿ ನಿಮಗೆ ಯಾವುದು ಬೇಕು ಅಂತ ನೋಡಿಕೊಳ್ಳಿ

ಹೆಸರು ಒಂದೇ ಆದರೂ ಒಳಗೆ ಎರಡು ಭಾಗ ಇವೆ. ಒಂದು ಡೈನಿಂಗ್ ರೂಮ್. ಇಲ್ಲಿ ಮೇಜಿಗೆ ಕೂರಿಸಿ, ಆರ್ಡರ್ ತೆಗೆದುಕೊಂಡು, ತಂದು ಬಡಿಸುತ್ತಾರೆ. ಡಿಸ್ನಿಯವರ ಭಾಷೆಯಲ್ಲಿ ಇದು ಟೇಬಲ್ ಸರ್ವಿಸ್. ಇನ್ನೊಂದು ಪಬ್, ಅಂದರೆ ಕುಡಿಯುವ ಕಟ್ಟೆ. ಅಲ್ಲಿಗೆ ಬುಕಿಂಗ್ ಇಲ್ಲ, ನೇರವಾಗಿ ಹೋಗಬಹುದು. ಆದರೆ ಜಾಗ ಚಿಕ್ಕದು, ಜನ ನಿಂತೇ ಇರುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಲ್ಲಿ ಊಟದ ಯೋಚನೆ ಬೇಡ.

ಮೂರನೆಯದು ಪಕ್ಕದಲ್ಲೇ ಇರುವ ಯಾರ್ಕ್‌ಷೈರ್ ಕೌಂಟಿ ಫಿಶ್ ಶಾಪ್. ಇದು ಕ್ವಿಕ್ ಸರ್ವಿಸ್. ನಮ್ಮ ದರ್ಶಿನಿ ಹೋಟೆಲ್ ಇದ್ದ ಹಾಗೆ. ಕೌಂಟರ್‌ನಲ್ಲಿ ದುಡ್ಡು ಕೊಟ್ಟು, ತಟ್ಟೆ ನೀವೇ ಎತ್ತಿಕೊಂಡು ಹೋಗಿ ಜಾಗ ಹುಡುಕಿ ಕೂರಬೇಕು. ಕರಿದ ಮೀನು ಮತ್ತು ಆಲೂಗಡ್ಡೆ ಇಲ್ಲಿಯ ಮುಖ್ಯ ತಿಂಡಿ. ಮೀನು ತಿನ್ನುವವರು, ಸಮಯ ಕಡಿಮೆ ಇರುವವರು, ಖರ್ಚು ಹಿಡಿಯಬೇಕು ಅನ್ನುವವರು ಸುಮ್ನೆ ಇಲ್ಲಿಗೇ ಹೋಗಿ. ಕೆರೆಯ ಗಾಳಿ ಇಲ್ಲಿಯೂ ಅದೇ.

ಸಸ್ಯಾಹಾರಿಗಳಿದ್ದರೆ, ಅಥವಾ ದಿನವಿಡೀ ನಡೆದು ಕಾಲು ಸೋತವರಿದ್ದರೆ ಡೈನಿಂಗ್ ರೂಮ್ ವಾಸಿ. ಮುಂದಿನದೆಲ್ಲ ಹೆಚ್ಚಾಗಿ ಅದರ ಬಗ್ಗೆ.

2. ಟಿಕೆಟ್ ಮತ್ತು ಬುಕಿಂಗ್

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹೋಟೆಲ್ ಪಾರ್ಕಿನ ಒಳಗಿದೆ. ಊಟದ ಬುಕಿಂಗ್ ಇದ್ದರೂ ಎಪ್ಕಾಟ್ ಟಿಕೆಟ್ ಬೇಕೇ ಬೇಕು. ಬುಕಿಂಗ್ ತೋರಿಸಿದರೆ ಒಳಗೆ ಬಿಡುತ್ತಾರೆ ಅಂದುಕೊಂಡು ಗೇಟಿನವರೆಗೆ ಬಂದು ಸಿಕ್ಕಿಹಾಕಿಕೊಳ್ಳುವವರು ಇದ್ದಾರೆ. 3 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ.

ಊಟದ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಡಿಸ್ನಿ ವರ್ಲ್ಡ್‌ನ ಜಾಲತಾಣದಲ್ಲಿ ಅಥವಾ ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಎಂಬ ಆಪ್‌ನಲ್ಲಿ ಮಾಡಬಹುದು. ಆಪ್ ಉಚಿತ. ಡಿಸ್ನಿಯ ಸ್ವಂತ ವಸತಿಗೃಹದಲ್ಲಿ ಉಳಿಯುವವರಿಗೆ ಒಂದು ಅನುಕೂಲ ಇದೆ. ಅವರು ತಾವು ಬರುವ ದಿನಕ್ಕೆ 60 ದಿನ ಮುಂಚೆ ಕೂತು, ಮುಂದಿನ 10 ದಿನದವರೆಗಿನ ಊಟಗಳನ್ನೂ ಒಟ್ಟಿಗೇ ಬುಕ್ ಮಾಡಿಕೊಳ್ಳಬಹುದು. ಬುಕಿಂಗ್ ಸಾಮಾನ್ಯವಾಗಿ ಅಲ್ಲಿನ ಬೆಳಿಗ್ಗೆ 6ರ ಹೊತ್ತಿಗೆ ತೆರೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಆಗ ಬೇಸಿಗೆಯಾದರೆ ಮಧ್ಯಾಹ್ನ 3:30, ಚಳಿಗಾಲವಾದರೆ 4:30. ಊರಲ್ಲೇ ಕೂತು ಆರಾಮವಾಗಿ ಮಾಡಬಹುದಾದ ಕೆಲಸ.

ಬುಕ್ ಮಾಡುವಾಗ ಎಡವುವುದು ಹೆಚ್ಚಾಗಿ ಈ ಮೂರು ಕಡೆ:

ಕೈಗೂಸನ್ನು ಲೆಕ್ಕಕ್ಕೆ ಸೇರಿಸದೇ ಇರುವುದು. ಮಗು ಊಟ ಮಾಡದಿದ್ದರೂ ಅದಕ್ಕೆ ಜಾಗ ಬೇಕು. ಹಾಗಾಗಿ ನಾಲ್ಕು ದೊಡ್ಡವರು ಮತ್ತು ಒಂದು ಕೂಸು ಅಂದರೆ 5 ಜನ ಅಂತಲೇ ಹಾಕಿ.

ಕಾರ್ಡಿನ ತೊಂದರೆ. ಬುಕಿಂಗ್‌ಗೆ ಕ್ರೆಡಿಟ್ ಕಾರ್ಡಿನ ನಂಬರ್ ಕೇಳುತ್ತಾರೆ. ದುಡ್ಡು ಆಗಲೇ ಕತ್ತರಿಸುವುದಿಲ್ಲ. ಭಾರತದ ಕಾರ್ಡ್ ಆದರೆ ಬ್ಯಾಂಕಿನ ಆಪ್‌ಗೆ ಹೋಗಿ ವಿದೇಶಿ ವಹಿವಾಟು ಆನ್ ಮಾಡಿಕೊಳ್ಳಿ. ಆಗಲೂ ಕಾರ್ಡ್ ತೆಗೆದುಕೊಳ್ಳದಿದ್ದರೆ ಅಮೆರಿಕದಲ್ಲಿರುವ ಮಗನೋ ಮಗಳೋ ತಮ್ಮ ಕಾರ್ಡಿನಿಂದ ಮಾಡಲಿ. ಇದರಲ್ಲಿ ಸಂಕೋಚ ಬೇಡ.

ಬರಲಾಗದಿದ್ದರೂ ರದ್ದು ಮಾಡದೇ ಬಿಡುವುದು. ಹೇಳಿದ ಹೊತ್ತಿಗೆ ಕನಿಷ್ಠ 2 ಗಂಟೆ ಮುಂಚೆ ರದ್ದು ಮಾಡದಿದ್ದರೆ ತಲಾ 10 ಡಾಲರ್ ಕತ್ತರಿಸುತ್ತಾರೆ. ಆರು ಜನರ ಮನೆಗೆ 60 ಡಾಲರ್ ಸುಮ್ಮನೆ ಹೋಗುತ್ತದೆ. ಮಗುವಿಗೆ ಜ್ವರ, ಅಜ್ಜಿಗೆ ಸುಸ್ತು, ಏನೇ ಇರಲಿ, ಆಪ್ ತೆರೆದು ರದ್ದು ಮಾಡಲು ಒಂದು ನಿಮಿಷ ಸಾಕು. ರದ್ದಾದ ಆ ಜಾಗ ಇನ್ನೊಂದು ಮನೆಯವರಿಗೆ ಸಿಗುತ್ತದೆ.

ಬುಕಿಂಗ್ ಸಿಗಲಿಲ್ಲವೇ? ಕೈಬಿಡಬೇಡಿ. ಹಿಂದಿನ ದಿನ ಮತ್ತು ಅದೇ ದಿನ ಬೆಳಿಗ್ಗೆ ಜನ ರದ್ದು ಮಾಡುತ್ತಲೇ ಇರುತ್ತಾರೆ. ಆಗಾಗ ಆಪ್ ನೋಡುತ್ತಿರಿ. ಇದರ ಜೊತೆಗೆ ವಾಕ್-ಅಪ್ ಲಿಸ್ಟ್ ಎಂಬ ವ್ಯವಸ್ಥೆಯೂ ಇದೆ. ಪಾರ್ಕಿನ ಒಳಗೆ ಬಂದ ಮೇಲೆ ಆಪ್‌ನಲ್ಲೇ "ನಾವು ಕಾಯುತ್ತೇವೆ" ಅಂತ ಹೆಸರು ಬರೆಸುವುದು. ಮೇಜು ಖಾಲಿಯಾದಾಗ ಫೋನಿಗೆ ಸಂದೇಶ ಬರುತ್ತದೆ. ಜಾಗ ಇಲ್ಲದಾಗ ಈ ಪಟ್ಟಿಯನ್ನು ಮುಚ್ಚಿರುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

3. ಯಾವ ಹೊತ್ತು ಒಳ್ಳೆಯದು?

ವರ್ಲ್ಡ್ ಶೋಕೇಸ್ ಭಾಗ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ಪಾರ್ಕಿನ ಮುಂಭಾಗ ಅದಕ್ಕಿಂತ ಮುಂಚೆಯೇ ತೆರೆದಿರುತ್ತದೆ. ಹಾಗಾಗಿ ಇಲ್ಲಿ ಬೆಳಗಿನ ತಿಂಡಿಯ ಆಸೆ ಬೇಡ.

ಹಿರಿಯರು ಜೊತೆಗಿದ್ದರೆ ಮಧ್ಯಾಹ್ನದ ಊಟವೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೆರೆಯ ಸುತ್ತ ಒಂದು ಸುತ್ತು ಹಾಕಿದರೆ ಹತ್ತಿರ ಹತ್ತಿರ 2 ಕಿಲೋಮೀಟರ್. ಅದಕ್ಕೆ ಮೊದಲು ಪಾರ್ಕಿನ ಮುಂಭಾಗದಲ್ಲಿ ಓಡಾಡಿರುತ್ತೀರಿ. ಫ್ಲೋರಿಡಾದ ಬಿಸಿಲು ಮಂಗಳೂರಿನ ಬಿಸಿಲಿದ್ದಂತೆ, ಬೆವರು ಬಸಿಯುತ್ತದೆ. ಮಧ್ಯಾಹ್ನ ಒಂದು ಗಂಟೆ ತಣ್ಣಗೆ ಎಸಿಯಲ್ಲಿ ಕೂತರೆ ಸಂಜೆಯವರೆಗೆ ಶಕ್ತಿ ಬರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೂ ಜಾಸ್ತಿ. ಆಗ ತಲೆ ಮೇಲೆ ಸೂರು ಇರುತ್ತದೆ ಅಲ್ವಾ?

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಬುಕಿಂಗ್ ಅವರ ಊಟದ ಹೊತ್ತಿಗೆ ಹೊಂದುವಂತೆ ಇರಲಿ. ಬುಕಿಂಗ್ 1 ಗಂಟೆಗೆ ಅಂದರೆ ತಟ್ಟೆ 1ಕ್ಕೇ ಮುಂದೆ ಬರುವುದಿಲ್ಲ. ಕೂರಿಸುವುದು, ಆರ್ಡರ್, ಅಡುಗೆ ಸೇರಿ ಮುಕ್ಕಾಲು ಗಂಟೆ ಹಿಡಿದುಕೊಳ್ಳಿ. ಬ್ಯಾಗಿನಲ್ಲಿ ಬಿಸ್ಕೆಟ್ಟೋ ಬಾಳೆಹಣ್ಣೋ ಇರಲಿ.

ಇನ್ನು ರಾತ್ರಿಯ ಬುಕಿಂಗ್. ಇದಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಕಾರಣ ಪಟಾಕಿ. ಕೆರೆಯ ಮೇಲೆ ರಾತ್ರಿ, ಹೆಚ್ಚಿನ ದಿನ 9ರ ಸುಮಾರಿಗೆ, ಪಟಾಕಿ, ಕಾರಂಜಿ, ಸಂಗೀತದ ಪ್ರದರ್ಶನ ಇರುತ್ತದೆ. ಈಗಿನ ಪ್ರದರ್ಶನದ ಹೆಸರು ಲೂಮಿನಸ್. 2023ರ ಡಿಸೆಂಬರ್ 5ರಂದು ಶುರುವಾಯಿತು. ಪಬ್‌ನ ಹೊರಗಿನ ಕಟ್ಟೆ ಕೆರೆಗೆ ಅಂಟಿಕೊಂಡೇ ಇದೆ. ಅಲ್ಲಿ ಜಾಗ ಸಿಕ್ಕರೆ ಕೂತಲ್ಲೇ ನೋಡಬಹುದು. ಆದರೆ ಸಾಮಾನ್ಯ ಬುಕಿಂಗ್‌ನಲ್ಲಿ ಹೊರಗಿನ ಮೇಜೇ ಬೇಕು ಅಂತ ಖಚಿತ ಮಾಡಿಕೊಳ್ಳಲು ಬರುವುದಿಲ್ಲ. ಬಾಗಿಲಲ್ಲಿ ಕೇಳಬೇಕು. ಸಿಕ್ಕರೂ ಸಿಗಬಹುದು, ಇಲ್ಲದೆಯೂ ಹೋಗಬಹುದು. ಇದೊಂದನ್ನೇ ನಂಬಿ ರಾತ್ರಿಯ ಊಟ ಇಟ್ಟುಕೊಳ್ಳಬೇಡಿ. ಪ್ರಯತ್ನಿಸುವುದಾದರೆ ಪ್ರದರ್ಶನಕ್ಕೆ ಒಂದೂಕಾಲು ಗಂಟೆ ಮುಂಚಿನ ಬುಕಿಂಗ್ ಹುಡುಕಿ. ಮೇಜು ಸಿಗದಿದ್ದರೂ ಕೆರೆಯ ಸುತ್ತ ಎಲ್ಲಿ ನಿಂತು ನೋಡಿದರೂ ಬೇರೆ ದುಡ್ಡಿಲ್ಲ.

ಎಪ್ಕಾಟ್‌ನಲ್ಲಿ ವರ್ಷದ ಹೆಚ್ಚಿನ ದಿನ ಏನಾದರೊಂದು ಉತ್ಸವ ನಡೆಯುತ್ತಿರುತ್ತದೆ. ವಸಂತದಲ್ಲಿ ಹೂವಿನದು, ಬೇಸಿಗೆಯ ಕೊನೆಯಿಂದ ನವೆಂಬರ್‌ವರೆಗೆ ಊಟ ಮತ್ತು ವೈನಿನದು. ಆ ದಿನಗಳ ಶನಿವಾರ ಭಾನುವಾರ ಸಂಜೆ ಪಬ್ ಕಡೆ ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವಿನ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ.

4. ತಲುಪುವುದು

ಎಪ್ಕಾಟ್‌ಗೆ ಎರಡು ಬಾಗಿಲು. ದೊಡ್ಡ ಬೆಳ್ಳಿ ಬಣ್ಣದ ಗೋಳ ಇರುವುದು ಮುಂಬಾಗಿಲು. ಅಲ್ಲಿಂದ ಕೆರೆಯವರೆಗೆ ನೇರವಾಗಿ ನಡೆದು ಬಲಕ್ಕೆ ತಿರುಗಿ. ಮೊದಲು ಕೆನಡಾ, ಆಮೇಲೆ ಬ್ರಿಟನ್. ಎಡಕ್ಕೆ ತಿರುಗಿದಿರೋ, ಮೆಕ್ಸಿಕೋದಿಂದ ಶುರುವಾಗಿ ಇಡೀ ಕೆರೆ ಸುತ್ತಿ ಬರಬೇಕಾಗುತ್ತದೆ. ಮುಂಬಾಗಿಲಿನಿಂದ ನಿಧಾನವಾಗಿ ನಡೆದರೆ 20 ನಿಮಿಷ ಇಟ್ಟುಕೊಳ್ಳಿ.

ಇನ್ನೊಂದು ಹಿಂಬಾಗಿಲು, ಇಂಟರ್‌ನ್ಯಾಷನಲ್ ಗೇಟ್‌ವೇ. ಇದು ಬ್ರಿಟನ್ ಮತ್ತು ಫ್ರಾನ್ಸ್ ನಡುವೆಯೇ ಇದೆ. ಸ್ಕೈಲೈನರ್ ಎಂಬ ತೂಗುಡಬ್ಬಿಯಲ್ಲಿ ಬರುವವರು, ಬೋರ್ಡ್‌ವಾಕ್ ಕಡೆಯ ವಸತಿಗೃಹಗಳಿಂದ ದೋಣಿಯಲ್ಲಿ ಅಥವಾ ನಡೆದು ಬರುವವರು ಇಲ್ಲೇ ಇಳಿಯುತ್ತಾರೆ. ಇಲ್ಲಿಂದ ಪಬ್‌ಗೆ ಎರಡು ಮೂರು ನಿಮಿಷ ಸಾಕು. ಮಂಡಿ ನೋವಿನವರಿದ್ದರೆ ಈ ಬಾಗಿಲನ್ನೇ ನೆನಪಿಡಿ. ಮುಂಬಾಗಿಲಿನಿಂದ ಬರುವವರಿಗೆ ಅಲ್ಲಿ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. "ನನಗೇನೂ ಆಗಿಲ್ಲ, ನಡೀತೀನಿ" ಅಂತ ಹಿರಿಯರು ಹೇಳಿಯೇ ಹೇಳುತ್ತಾರೆ. ಆದರೂ ಒಂದು ತೆಗೆದುಕೊಳ್ಳಿ. ಮಧ್ಯಾಹ್ನ ಆಗುವಷ್ಟರಲ್ಲಿ ಅವರೇ ಕೂರುತ್ತಾರೆ.

ಹೇಳಿದ ಹೊತ್ತಿಗೆ 10 ನಿಮಿಷ ಮುಂಚೆ ಬಾಗಿಲಲ್ಲಿ ಇರಿ. ಅಲ್ಲಿ ಒಂದು ಎತ್ತರದ ಮೇಜಿನ ಹಿಂದೆ ನಿಂತಿರುವವರಿಗೆ ಬುಕಿಂಗ್ ಯಾರ ಹೆಸರಿನಲ್ಲಿದೆ ಅಂತ ಹೇಳಬೇಕು. ಆಪ್‌ನಲ್ಲಿಯೂ ಬಂದಿದ್ದೇವೆ ಅಂತ ತಿಳಿಸಬಹುದು. ಮೇಜು ಸಿದ್ಧವಾದಾಗ ಕರೆಯುತ್ತಾರೆ. ಕೆರೆ ಕಡೆಯ ಜಾಗ ಬೇಕಿದ್ದರೆ ಕೇಳಬೇಕಾದದ್ದು ಇಲ್ಲೇ, ಈಗಲೇ. ಒಳಗೆ ಹೋಗಿ ಕೂತ ಮೇಲೆ ಕೇಳಿದರೆ ಕಷ್ಟ.

ಕಾಯುವಾಗ ಕಟ್ಟಡವನ್ನು ಒಮ್ಮೆ ಸುತ್ತಿ ನೋಡಿ. ಒಂದೇ ಕಟ್ಟಡದ ಬೇರೆ ಬೇರೆ ಬದಿ ಬೇರೆ ಬೇರೆ ಬಗೆಯ ಇಂಗ್ಲಿಷ್ ಪಬ್‌ನಂತೆ ಕಾಣುತ್ತದೆ. ಒಂದು ಕಡೆ ಪೇಟೆಯದು, ಒಂದು ಕಡೆ ಹಳ್ಳಿಯದು, ಕೆರೆಯ ಕಡೆ ನದಿ ದಂಡೆಯದು. ಬೋರ್ಡಿನ ಮೇಲೆ ಲ್ಯಾಟಿನ್‌ನಲ್ಲಿ ಓಟಿಯುಮ್ ಕುಮ್ ಡಿಗ್ನಿಟಾಟೆ ಅಂತ ಬರೆದಿದೆ. ಗೌರವದ ಜೊತೆಗೆ ವಿರಾಮ ಎಂದು ಅರ್ಥ. ಬಿಸಿಲಲ್ಲಿ ಅಲೆದು ಬಂದವರಿಗೆ ಸರಿಯಾದ ಮಾತು.

5. ಮೆನು ಓದುವುದು ಹೇಗೆ?

ಜನ ತಬ್ಬಿಬ್ಬಾಗುವುದು ಇಲ್ಲಿ. ಮೆನು ಅಮೆರಿಕದ್ದು, ತಿಂಡಿಗಳ ಹೆಸರು ಬ್ರಿಟನ್ನಿನದು, ಓದುವವರು ನಾವು. ಮೆನು ಆಗಾಗ ಬದಲಾಗುತ್ತದೆ. ಹಾಗಾಗಿ ಹೋಗುವ ಹಿಂದಿನ ರಾತ್ರಿ ಆಪ್‌ನಲ್ಲಿ ಅವತ್ತಿನ ಮೆನು ಮತ್ತು ಬೆಲೆ ನೋಡಿ, ಮನೆಯವರಿಗೆಲ್ಲ ಓದಿ ಹೇಳಿ. ಯಾರಿಗೆ ಏನು ಅಂತ ಮನೆಯಲ್ಲೇ ತೀರ್ಮಾನ ಆದರೆ ಮೇಜಿನ ಮುಂದೆ ಗಡಿಬಿಡಿ ಇರುವುದಿಲ್ಲ.

ಎರಡು ಅಮೆರಿಕನ್ ಪದ ಮೊದಲು. ಅಪೆಟೈಸರ್ ಅಂದರೆ ಊಟಕ್ಕೆ ಮುಂಚೆ ತಿನ್ನುವ ಸಣ್ಣ ತಿಂಡಿ. ಆಂಟ್ರೆ ಅಂದರೆ ಮುಖ್ಯ ಊಟ. ಊಟದ ನಂತರ "ಚೆಕ್" ಕೇಳಿದರೆ ಬಿಲ್ ತರುತ್ತಾರೆ.

ಈಗ ಬ್ರಿಟಿಷ್ ಹೆಸರುಗಳು. ಫಿಶ್ ಆ್ಯಂಡ್ ಚಿಪ್ಸ್ ಅಂದರೆ ಮೀನನ್ನು ನೀರಾದ ಹಿಟ್ಟಿನಲ್ಲಿ ಅದ್ದಿ ಬಜ್ಜಿಯ ಹಾಗೆ ಕರಿದು, ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆಯ ಜೊತೆ ಕೊಡುವುದು. ಬ್ರಿಟನ್ನಿನಲ್ಲಿ ಚಿಪ್ಸ್ ಅಂದರೆ ಈ ದಪ್ಪ ತುಂಡುಗಳು. ನಾವು ಪ್ಯಾಕೆಟ್ಟಿನಲ್ಲಿ ತಿನ್ನುವ ತೆಳು ಚಿಪ್ಸ್ ಅವರಿಗೆ ಕ್ರಿಸ್ಪ್ಸ್. ಅದರ ಮೇಲೆ ಮಾಲ್ಟ್ ವಿನೆಗರ್ ಚಿಮುಕಿಸಿ ತಿನ್ನುವುದು ಅಲ್ಲಿಯ ಪದ್ಧತಿ. ಬಾರ್ಲಿಯಿಂದ ಮಾಡುವ, ಕಂದು ಬಣ್ಣದ ಹುಳಿ ಅದು. ಬಜ್ಜಿಗೆ ನಿಂಬೆಹಣ್ಣು ಹಿಂಡಿದಂತೆ ಒಂದು ಹಿತವಾದ ಹುಳಿ ಬರುತ್ತದೆ. ಕೆಚಪ್‌ಗೆ ಕೈ ಹಾಕುವ ಮುಂಚೆ ಒಮ್ಮೆ ಇದನ್ನು ರುಚಿ ನೋಡಿ.

ಬ್ಯಾಂಗರ್ಸ್ ಆ್ಯಂಡ್ ಮ್ಯಾಶ್. ಬ್ಯಾಂಗರ್ ಅಂದರೆ ಸಾಸೇಜ್, ಹೆಚ್ಚಾಗಿ ಹಂದಿ ಮಾಂಸದ್ದು. ಮ್ಯಾಶ್ ಅಂದರೆ ಬೆಣ್ಣೆ ಹಾಲು ಹಾಕಿ ಹಿಸುಕಿದ ಆಲೂಗಡ್ಡೆ. ಮೇಲೆ ಈರುಳ್ಳಿಯ ಗ್ರೇವಿ. ಬ್ರಿಟಿಷರ ಗ್ರೇವಿ ನಮ್ಮ ಹೋಟೆಲ್ ಗ್ರೇವಿಯ ಹಾಗಲ್ಲ. ಮಾಂಸ ಬೇಯಿಸಿದ ರಸದಿಂದ ಮಾಡಿದ ಗಟ್ಟಿ ಸಾರು ಅದು.

ಶೆಫರ್ಡ್ಸ್ ಪೈ ಅಂದಾಗ ಸಿಹಿ ಪೈ ನೆನಪಿಸಿಕೊಳ್ಳಬೇಡಿ. ಕೆಳಗೆ ಖೀಮಾ, ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಓವನ್ನಿನಲ್ಲಿ ಕೆಂಪಗೆ ಮಾಡಿದ ಊಟ. ಶೆಫರ್ಡ್ ಅಂದರೆ ಕುರುಬ, ಆದ್ದರಿಂದ ಇದಕ್ಕೆ ಕುರಿ ಮಾಂಸ. ದನದ ಮಾಂಸದ್ದಾದರೆ ಬ್ರಿಟನ್ನಿನಲ್ಲಿ ಅದನ್ನು ಕಾಟೇಜ್ ಪೈ ಅನ್ನುತ್ತಾರೆ. ಆದರೆ ಅಮೆರಿಕದಲ್ಲಿ ಈ ಭೇದ ಎಲ್ಲರೂ ಪಾಲಿಸುವುದಿಲ್ಲ. ಶೆಫರ್ಡ್ಸ್ ಪೈ ಎಂಬ ಹೆಸರಿನಲ್ಲೇ ದನದ ಮಾಂಸ ಹಾಕುವ ಕಡೆಗಳು ಬೇಕಾದಷ್ಟಿವೆ. ದನದ ಮಾಂಸ ತಿನ್ನದವರು ಹೆಸರು ನೋಡಿ ಆರ್ಡರ್ ಮಾಡಬೇಡಿ, ಕೇಳಿಯೇ ಮಾಡಿ.

ಸ್ಕಾಚ್ ಎಗ್‌ನಲ್ಲೂ ಹೀಗೇ ಮೋಸಹೋಗುವುದುಂಟು. ಎಗ್ ಅಂತ ಇದೆ, ಮೊಟ್ಟೆ ತಾನೇ ಅಂದುಕೊಂಡು ಮೊಟ್ಟೆ ಮಾತ್ರ ತಿನ್ನುವವರು ತರಿಸಿಬಿಡುತ್ತಾರೆ. ಬೇಯಿಸಿದ ಮೊಟ್ಟೆಯ ಸುತ್ತ ಸಾಸೇಜ್ ಮಾಂಸ ಮೆತ್ತಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು ಅದು.

ಪುಡ್ಡಿಂಗ್ ಎಂಬ ಪದವಂತೂ ಪೂರ್ತಿ ಗೋಜಲು. ಬ್ರಿಟನ್ನಿನಲ್ಲಿ ಊಟದ ಕೊನೆಯ ಸಿಹಿಗೆಲ್ಲ ಪುಡ್ಡಿಂಗ್ ಅನ್ನುತ್ತಾರೆ. ಆದರೆ ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯೇ ಅಲ್ಲ. ಮೈದಾ, ಮೊಟ್ಟೆ, ಹಾಲಿನಿಂದ ಉಬ್ಬಿಸಿದ ಒಂದು ಬಗೆಯ ರೊಟ್ಟಿ. ಅದನ್ನು ಮಾಂಸದ ಕೊಬ್ಬಿನಲ್ಲಿ ಬೇಯಿಸುವ ಪದ್ಧತಿ ಇದೆ. ಬ್ಲ್ಯಾಕ್ ಪುಡ್ಡಿಂಗ್ ಅಂದರೆ ರಕ್ತದಿಂದ ಮಾಡಿದ ಸಾಸೇಜ್.

ಸ್ಟಿಕಿ ಟಾಫಿ ಪುಡ್ಡಿಂಗ್ ಮಾತ್ರ ನಿಜವಾಗಿ ಸಿಹಿ, ಬಲು ಸೊಗಸು. ಖರ್ಜೂರ ಹಾಕಿದ ಮೆತ್ತನೆಯ ಕೇಕಿನ ಮೇಲೆ ಬೆಣ್ಣೆ, ಕಂದು ಸಕ್ಕರೆ, ಕೆನೆ ಕಾಯಿಸಿದ ಬಿಸಿ ಪಾಕ. ಮೆನುವಿನಲ್ಲಿ ಕಂಡರೆ ಬಿಡಬೇಡಿ. ಒಂದು ತರಿಸಿ ಮೂವರು ಹಂಚಿಕೊಳ್ಳಬಹುದು. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದವರು ಗಮನಿಸಿ.

ಖಾರ ಇರುವುದಿಲ್ಲ ಅಂತ ಬೇಸರ ಬೇಡ. ಬ್ರಿಟಿಷ್ ಊಟದ ರುಚಿ ಹುಳಿ, ಉಪ್ಪು, ಬೆಣ್ಣೆ, ಸಾಸಿವೆಯದು. ಇಂಗ್ಲಿಷ್ ಮಸ್ಟರ್ಡ್ ಕೇಳಿ ಪಡೆಯಿರಿ, ಮೂಗಿಗೆ ಏರುವ ಘಾಟು ಅದರದು. ಎಚ್‌ಪಿ ಸಾಸ್ ಎಂಬ ಕಂದು ಸಾಸ್ ಬ್ರಿಟಿಷ್ ಮೇಜುಗಳಲ್ಲಿ ಹೆಸರುವಾಸಿ, ಅದಕ್ಕೆ ಹುಣಸೆಹಣ್ಣು ಬೀಳುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಹಳೇ ಬೇಕರಿಗಳಲ್ಲಿ ಪಫ್ಸ್, ಪ್ಲಮ್ ಕೇಕ್ ತಿಂದು ಬೆಳೆದವರಿಗೆ ಈ ರುಚಿಗಳು ಅಷ್ಟೇನೂ ದೂರದವಲ್ಲ.

6. ಸಸ್ಯಾಹಾರಿಗಳಿಗೆ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಸಾವಿರಾರು ಮೈಲಿ ಹಾರಿ ಬಂದ ಅಮ್ಮ, ಮಕ್ಕಳ ಖುಷಿಗೆ ಮುಜುಗರ ಆಗಬಾರದು ಅಂತ ಏನೂ ಹೇಳದೆ ಬರೀ ಕರಿದ ಆಲೂಗಡ್ಡೆ ತಿಂದು ಎದ್ದದ್ದನ್ನು ನಾನು ಬೇರೊಂದು ಊರಿನಲ್ಲಿ, ನನ್ನ ಮನೆಯವರ ಮಧ್ಯೆಯೇ ನೋಡಿದ್ದೇನೆ. ಆ ಆಲೂಗಡ್ಡೆಯನ್ನೂ ಮೀನು ಕರಿದ ಎಣ್ಣೆಯಲ್ಲೇ ಕರಿದಿದ್ದರು. ಅದು ಗೊತ್ತಾದದ್ದು ತಿಂದಾದ ಮೇಲೆ. ಇದು ಯಾರಿಗೂ ಆಗಬಾರದು.

ಡಿಸ್ನಿ ಮೆನುಗಳಲ್ಲಿ ಕೆಲವು ತಿಂಡಿಗಳ ಪಕ್ಕ ಎಲೆಯ ಗುರುತು ಇರುತ್ತದೆ. ಇದನ್ನು 2019ರಲ್ಲಿ ತಂದರು. ಎಲೆ ಇದ್ದರೆ ಅದು ಪ್ಲಾಂಟ್-ಬೇಸ್ಡ್, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಜೇನುತುಪ್ಪ ಯಾವುದೂ ಇಲ್ಲದ ಅಡುಗೆ. ನಮ್ಮ ಸಸ್ಯಾಹಾರಕ್ಕಿಂತ ಒಂದು ಹೆಜ್ಜೆ ಕಟ್ಟುನಿಟ್ಟು. ಮೊದಲು ಎಲೆಯ ಗುರುತು ಹುಡುಕಿ. ಹೆಸರಿನಲ್ಲಿ ಪೈ, ಸಾಸೇಜ್ ಅಂತ ಇದ್ದರೂ ಎಲೆ ಇದ್ದರೆ ಒಳಗಿರುವುದು ತರಕಾರಿ, ಕಾಳು ಅಥವಾ ಸೋಯಾದಂಥ ಪದಾರ್ಥ. ನೋಡಲು, ತಿನ್ನಲು ಮಾಂಸದ ಹಾಗೇ ಇರುವುದರಿಂದ ಕೆಲವು ಹಿರಿಯರಿಗೆ ಅದು ಹಿಡಿಸುವುದಿಲ್ಲ. ಮುಂಚೆಯೇ ಹೇಳಿಬಿಡಿ.

ಆದರೆ ಎಲೆಯ ಗುರುತು ಪದಾರ್ಥಗಳ ಬಗ್ಗೆ ಮಾತ್ರ. ಯಾವ ಬಾಣಲೆ, ಯಾವ ಎಣ್ಣೆ ಅನ್ನುವುದನ್ನು ನೀವೇ ಕೇಳಿಕೊಳ್ಳಬೇಕು.

ಕೂತ ಕೂಡಲೇ, ನೀರು ತರುವ ಮೊದಲೇ, ಸರ್ವರ್‌ಗೆ ಹೇಳಿ: "ವಿ ಆರ್ ವೆಜಿಟೇರಿಯನ್. ನೋ ಮೀಟ್, ನೋ ಚಿಕನ್, ನೋ ಫಿಶ್." ಮೂರನ್ನೂ ಬಿಡಿಸಿ ಹೇಳುವುದು ಅಗತ್ಯ. ಮೀನು ತಿನ್ನುವವರೂ ತಮ್ಮನ್ನು ಸಸ್ಯಾಹಾರಿ ಅಂತ ಹೇಳಿಕೊಳ್ಳುವುದು ಅಲ್ಲಿ ಉಂಟು. ಮೊಟ್ಟೆ ಬೇಡದಿದ್ದರೆ "ನೋ ಎಗ್ಸ್" ಸೇರಿಸಿ. ಆಮೇಲೆ ಈ ನಾಲ್ಕು ಪ್ರಶ್ನೆ:

ಆಲೂಗಡ್ಡೆಯನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ? "ಆರ್ ದ ಚಿಪ್ಸ್ ಫ್ರೈಡ್ ಇನ್ ದ ಸೇಮ್ ಆಯಿಲ್ ಆ್ಯಸ್ ದ ಫಿಶ್?" ಅಂತ ಕೇಳಿದರೆ ಸಾಕು.

ಸೂಪು ಅಥವಾ ಗ್ರೇವಿಗೆ ಬಳಸಿದ ರಸ ತರಕಾರಿಯದೋ ಮಾಂಸದ್ದೋ? ಬಟಾಣಿ ಸೂಪು ಅಂತ ಹೆಸರಿದ್ದರೂ ಬೇಯಿಸಿದ ನೀರು ಕೋಳಿಯದ್ದಾಗಿರಬಹುದು.

ವೂಸ್ಟರ್ ಸಾಸ್ ಹಾಕಿದ್ದೀರಾ? ಇಂಗ್ಲೆಂಡಿನ ಈ ಕಪ್ಪು ಸಾಸಿನಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ಚೀಸ್ ತಿಂಡಿಗಳಿಗೂ ಇದನ್ನು ಹಾಕುತ್ತಾರೆ.

ಸಿಹಿಯಲ್ಲಿ ಜೆಲಾಟಿನ್ ಅಥವಾ ಸೂಯೆಟ್ ಇದೆಯಾ? ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವ ಅಂಟು. ಸೂಯೆಟ್ ದನ, ಕುರಿಯ ಕೊಬ್ಬು. ಹಳೇ ಕಾಲದ ಇಂಗ್ಲಿಷ್ ಪುಡ್ಡಿಂಗ್‌ಗಳಲ್ಲಿ ಇದು ಸಾಮಾನ್ಯ.

ಇಷ್ಟೆಲ್ಲ ಕೇಳಿದರೆ ಬೈಯುತ್ತಾರೇನೋ ಎಂಬ ಅಳುಕು ಬೇಡ. ಡಿಸ್ನಿಯ ಹೋಟೆಲ್‌ಗಳು ಇದಕ್ಕೆ ಸಿದ್ಧವಾಗಿಯೇ ಇರುತ್ತವೆ. ಅಲರ್ಜಿ ಇರುವವರಿಗೆ ಅಂತಲೇ ಬೇರೆ ಮೆನು ಇದೆ. ಸರ್ವರ್‌ಗೆ ಗೊತ್ತಿಲ್ಲದಿದ್ದರೆ "ಕ್ಯಾನ್ ವಿ ಸ್ಪೀಕ್ ಟು ಅ ಶೆಫ್?" ಅಂತ ಕೇಳಿ. ಅಡುಗೆಯವರು ಮೇಜಿಗೆ ಬಂದು ಮಾತಾಡುವುದು ಅಲ್ಲಿ ವಿಶೇಷ ಏನಲ್ಲ. ಕಡಲೆಕಾಯಿ, ಗೋಡಂಬಿಯಂಥ ಅಲರ್ಜಿ ಇದ್ದರೆ ಬುಕಿಂಗ್ ಮಾಡುವಾಗಲೇ ಬರೆದುಬಿಡಿ, ಕೂತ ಮೇಲೂ ಹೇಳಿ. ಹಲಾಲ್ ಪಾಲಿಸುವವರು ಹಂದಿ ಮಾಂಸ, ಹಿಟ್ಟಿಗೆ ಬಿಯರ್ ಬೆರೆಸಿದ್ದಾರಾ, ಎರಡನ್ನೂ ವಿಚಾರಿಸಿಕೊಳ್ಳಿ.

ಮೆನು ನೋಡಿದ ಮೇಲೂ ಹಿರಿಯರಿಗೆ ಏನೂ ಒಪ್ಪಿಗೆಯಾಗಲಿಲ್ಲ ಅನ್ನಿ. ಮನೆಯಿಂದ ಬುತ್ತಿ ಕಟ್ಟಿಕೊಳ್ಳಿ. ಪಾರ್ಕಿನ ಒಳಗೆ ಹೊರಗಿನ ತಿಂಡಿ ತರಲು ಅನುಮತಿ ಇದೆ. ಗಾಜಿನ ಡಬ್ಬಿ ಬೇಡ, ಬಿಸಿ ಮಾಡಬೇಕಾದ ತಿಂಡಿ ಬೇಡ, ಘಾಟು ವಾಸನೆಯದು ಬೇಡ. ಚಪಾತಿ ಸುರುಳಿ, ಚಿತ್ರಾನ್ನ, ಕೋಡುಬಳೆ, ನಿಪ್ಪಟ್ಟು ಸರಿ. ಪಬ್‌ಗೆ ಹೋಗುವ ಮುಂಚೆ ಹೊರಗಿನ ಬೆಂಚಿನಲ್ಲಿ ಅವರು ಹೊಟ್ಟೆ ತುಂಬಾ ತಿಂದಿರಲಿ. ಒಳಗೆ ಸೂಪು, ಸಿಹಿ, ಟೀ ಸಾಕಾಗುತ್ತದೆ.

7. ಕುಡಿಯಲು

ನೀರು ಉಚಿತ, ಮಂಜುಗಡ್ಡೆ ತುಂಬಿಯೇ ತರುತ್ತಾರೆ. ಬೇಡದಿದ್ದರೆ "ನೋ ಐಸ್" ಅನ್ನಿ. ಟೀ ಕೇಳುವಾಗ "ಹಾಟ್ ಟೀ" ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಅಮೆರಿಕದಲ್ಲಿ ಐಸ್ ಟೀ ಬರುವ ಸಾಧ್ಯತೆ ಜಾಸ್ತಿ. ಹಾಲು ಬೇರೆ ಕೇಳಿ ಪಡೆಯಬೇಕು. ಕುದಿಸಿದ ನಮ್ಮ ಚಹಾ ಅಲ್ಲ ಇದು, ಬಿಸಿನೀರಿನಲ್ಲಿ ಅದ್ದಿದ ಪೊಟ್ಟಣದ್ದು. ನಾಲ್ಕು ನಿಮಿಷ ಬಿಟ್ಟು ಹಾಲು ಹಾಕಿದರೆ ಕಡಕ್ ಆಗುತ್ತದೆ. ರುಚಿ ಹಿಡಿಸಿದರೆ ಎದುರು ಸಾಲಿನಲ್ಲಿರುವ ಟೀ ಕ್ಯಾಡಿ ಎಂಬ ಅಂಗಡಿಯಲ್ಲಿ ಟೀ ಡಬ್ಬಿಗಳು ಸಿಗುತ್ತವೆ, ಊರಿಗೆ ಒಯ್ಯಲು ಹಗುರ.

ಬಿಯರ್, ಸೈಡರ್ ತೆಗೆದುಕೊಳ್ಳುವವರು 21 ವರ್ಷ ತುಂಬಿರಬೇಕು. ಸೈಡರ್ ಅಂದರೆ ಪಬ್‌ನಲ್ಲಿ ಸೇಬಿನಿಂದ ಮಾಡಿದ ಮದ್ಯ, ಮಕ್ಕಳ ಜ್ಯೂಸ್ ಅಂದುಕೊಳ್ಳಬೇಡಿ. ವಯಸ್ಸಿನ ಪುರಾವೆ ಕೇಳುತ್ತಾರೆ. ಭಾರತದಿಂದ ಬಂದವರು ಪಾಸ್‌ಪೋರ್ಟ್ ಇಟ್ಟುಕೊಂಡಿರಿ. ಫೋನಿನಲ್ಲಿರುವ ಆಧಾರ್ ಫೋಟೋ ನಡೆಯುವುದಿಲ್ಲ.

ಬಡಿಸುವವರ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಅವರ ಊರೂ ಇರುತ್ತದೆ. ಬ್ರಿಟನ್ನಿನಿಂದಲೇ ಬಂದ ಹುಡುಗ ಹುಡುಗಿಯರು ಇಲ್ಲಿ ಕೆಲಸ ಮಾಡುವುದುಂಟು. ಅವರ ಊರಿನ ಬಗ್ಗೆ ಒಂದು ಮಾತು ಕೇಳಿ ನೋಡಿ. ಮನೆಯಿಂದ ದೂರ ಇರುವವರು, ಮುಖ ಅರಳುತ್ತದೆ. ಯಾವ ತಿಂಡಿ ಅವರ ಅಮ್ಮ ಮಾಡುವ ಹಾಗಿದೆ ಅಂತಲೂ ಹೇಳುತ್ತಾರೆ.

8. ಬಿಲ್ ಮತ್ತು ಟಿಪ್ಸ್

ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಇಲ್ಲಿ ಮಾರಾಟ ತೆರಿಗೆ 6.5%. ಅದರ ಮೇಲೆ ಟಿಪ್ಸ್. ಊರಿನಲ್ಲಿ ಇಷ್ಟ ಬಂದಷ್ಟು ಇಟ್ಟು ಬರುವ ಹಾಗೆ ಇಲ್ಲಿ ಆಗುವುದಿಲ್ಲ. ಬಡಿಸುವವರ ಸಂಪಾದನೆಯ ದೊಡ್ಡ ಭಾಗವೇ ಅದು. 18ರಿಂದ 20% ಕೊಡುವುದು ವಾಡಿಕೆ. 100 ಡಾಲರ್ ಊಟಕ್ಕೆ ತೆರಿಗೆ 6.50, ಟಿಪ್ಸ್ 18ರಿಂದ 20, ಒಟ್ಟು 125ರ ಆಸುಪಾಸು. ಬಜೆಟ್ ಹಾಕುವಾಗ ಮೆನು ಬೆಲೆಗೆ ಕಾಲು ಭಾಗ ಸೇರಿಸಿಬಿಡಿ.

6 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 18% ಟಿಪ್ಸನ್ನು ಅವರೇ ಬಿಲ್ಲಿಗೆ ಸೇರಿಸಿರುತ್ತಾರೆ. ಗ್ರಾಚುಯಿಟಿ ಅಂತ ಬರೆದಿರುತ್ತದೆ. ಅದನ್ನು ನೋಡದೆ ಕೆಳಗಿನ ಖಾಲಿ ಜಾಗದಲ್ಲಿ ಮತ್ತೆ ಟಿಪ್ಸ್ ಬರೆದು ಎರಡು ಸಲ ಕೊಟ್ಟವರು ಬಹಳ ಜನ. ಸಹಿ ಹಾಕುವ ಮುಂಚೆ ಬಿಲ್ ಮೇಲಿನಿಂದ ಕೆಳಗಿನವರೆಗೆ ಓದಿ.

ದುಡ್ಡು ಕೊಡುವ ರೀತಿಯೂ ಬೇರೆ. ಕಾರ್ಡ್ ತೆಗೆದುಕೊಂಡು ಹೋಗಿ ಎರಡು ಚೀಟಿಯ ಜೊತೆ ವಾಪಸ್ ತರುವುದುಂಟು. ಒಂದರಲ್ಲಿ ಟಿಪ್ಸ್, ಒಟ್ಟು ಮೊತ್ತ ಬರೆದು ಸಹಿ ಹಾಕಿ ಅಲ್ಲೇ ಬಿಡಬೇಕು, ಇನ್ನೊಂದು ನಿಮಗೆ. ಓಟಿಪಿ ಬರುವುದಿಲ್ಲ, ಗಾಬರಿಯಾಗಬೇಡಿ. ಫೋನಿಗೆ ಮೊದಲು ಬರುವ ಸಂದೇಶದಲ್ಲಿ ಟಿಪ್ಸ್ ಇಲ್ಲದ ಮೊತ್ತ ಇರಬಹುದು, ಆಮೇಲೆ ಪೂರ್ತಿ ಮೊತ್ತ ಕತ್ತರಿಸುತ್ತದೆ. ನಿಮ್ಮ ಚೀಟಿಯ ಫೋಟೋ ತೆಗೆದಿಟ್ಟುಕೊಂಡರೆ ಹೊಂದಿಸಿ ನೋಡಬಹುದು.

ತಟ್ಟೆಗಳು ದೊಡ್ಡವು. ಇಬ್ಬರು ಒಂದನ್ನು ಹಂಚಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. 3ರಿಂದ 9 ವರ್ಷದ ಮಕ್ಕಳಿಗೆ ಬೇರೆ ಸಣ್ಣ ಮೆನು ಇದೆ.

9. ಏನು ಮಾಡಿದರೂ ಜಾಗ ಸಿಗದಿದ್ದರೆ

ಮೀನು ತಿನ್ನುವವರಿಗೆ ಪಕ್ಕದ ಫಿಶ್ ಶಾಪ್ ಇದ್ದೇ ಇದೆ. ತೆಗೆದುಕೊಂಡು ಕೆರೆಯ ದಂಡೆಯಲ್ಲಿ ಕೂರಿ. ಬಾತುಕೋಳಿ, ಹಕ್ಕಿಗಳು ಆಲೂಗಡ್ಡೆಗೆ ಬರುತ್ತವೆ, ತಟ್ಟೆ ಬಿಟ್ಟು ಏಳಬೇಡಿ.

ಸಸ್ಯಾಹಾರಿಗಳಿಗೆ ಕೆರೆಯ ಅದೇ ಬದಿಯಲ್ಲಿ, ಫ್ರಾನ್ಸ್ ದಾಟಿದರೆ ಮೊರಾಕೋ ಬೀದಿ ಇದೆ. ಹಮ್ಮಸ್ ತರಹದ ಕಡಲೆಕಾಳಿನ ತಿಂಡಿಗಳಿಗೆ ಮೊದಲು ಅಲ್ಲಿ ನೋಡಿ. ಊಟದ ಉತ್ಸವದ ದಿನಗಳಾದರೆ ದಾರಿಯುದ್ದಕ್ಕೂ ಸಣ್ಣ ಮಳಿಗೆಗಳಿರುತ್ತವೆ. ಹಲವು ವರ್ಷ ಇಂಡಿಯಾ ಹೆಸರಿನ ಮಳಿಗೆಯೂ ಇತ್ತು. ನೀವು ಹೋಗುವ ವರ್ಷ ಇದೆಯಾ ಅಂತ ಆಪ್‌ನಲ್ಲಿ ಹುಡುಕಿ.

ಇನ್ನೊಂದು ಸಂಜೆ ಬಿಡುವಿದ್ದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಡಿಸ್ನಿ ವಸತಿಗೃಹದ ಕಿಡಾನಿ ವಿಲೇಜ್‌ನಲ್ಲಿ ಸನಾ ಅಂತ ಒಂದು ಹೋಟೆಲ್ ಇದೆ. ಆಫ್ರಿಕಾ ಮತ್ತು ಭಾರತದ ರುಚಿ ಬೆರೆತ ಅಡುಗೆ. ನಾನ್ ತರಹದ ರೊಟ್ಟಿಗಳನ್ನು 9 ಬಗೆಯ ಚಟ್ನಿ, ಗೊಜ್ಜುಗಳ ಜೊತೆ ಕೊಡುವುದು ಅಲ್ಲಿ ಹೆಸರುವಾಸಿ. ಅದು ಪಾರ್ಕಿನ ಹೊರಗಿರುವುದರಿಂದ ಪಾರ್ಕ್ ಟಿಕೆಟ್ ಬೇಡ, ಊಟದ ಬುಕಿಂಗ್ ಮಾತ್ರ ಬೇಕು. ಕತ್ತಲಾಗುವ ಮುಂಚೆ ಹೋದರೆ ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುವುದು ಕಾಣುತ್ತದೆ. ಬುಕ್ ಮಾಡುವಾಗ ಆ ಊರಿನ ಅವತ್ತಿನ ಸೂರ್ಯಾಸ್ತ ಎಷ್ಟು ಗಂಟೆಗೆ ಅಂತ ನೋಡಿಕೊಂಡು, ಅದಕ್ಕೆ ಒಂದು ಗಂಟೆ ಮುಂಚಿನ ಹೊತ್ತು ಆರಿಸಿ.